ಟ್ರೇಸಿ ಚಾಪ್‌ಮನ್ ಮೊದಲ ಆಲ್ಬಂ ಇವತ್ತಿಗೂ ದುಡೀತಿರೋದು ಹೇಗೆ?

2023ರ ಜುಲೈನಲ್ಲಿ ಅಮೆರಿಕದ ಕಂಟ್ರಿ (ಅಲ್ಲಿನ ಹಳ್ಳಿಗಾಡಿನ ಶೈಲಿಯ ಸಂಗೀತ) ರೇಡಿಯೋ ಚಾರ್ಟಲ್ಲಿ 'ಫಾಸ್ಟ್ ಕಾರ್' ಅನ್ನೋ ಹಾಡು ಮೊದಲನೇ ಸ್ಥಾನಕ್ಕೆ ಬಂತು. ಹಾಡಿದ್ದು ಲ್ಯೂಕ್ ಕೋಂಬ್ಸ್, ನಾರ್ತ್ ಕೆರೊಲೈನಾದ ಕಂಟ್ರಿ ಗಾಯಕ. ಬರೆದಿದ್ದು ಅಮೆರಿಕದ ಗಾಯಕಿ ಟ್ರೇಸಿ ಚಾಪ್‌ಮನ್, ಅದೂ ತಮ್ಮ ಮೊಟ್ಟಮೊದಲ ಆಲ್ಬಂಗೆ, ಆ ಆಲ್ಬಂ ಬಂದಿದ್ದು 1988ರ ಏಪ್ರಿಲಲ್ಲಿ, ಆಗ ಲ್ಯೂಕ್ ಇನ್ನೂ ಹುಟ್ಟೇ ಇರ್ಲಿಲ್ಲ. ಈಗ ವಿಷಯ ಏನಂದ್ರೆ, ಅಮೆರಿಕದ ಎಫ್‌ಎಂ ಸ್ಟೇಷನ್ನುಗಳಲ್ಲಿ ಲ್ಯೂಕ್ ದನಿಯಲ್ಲಿ ಆ ಹಾಡು ಬಂದಾಗೆಲ್ಲ ರಾಯಲ್ಟಿ ಹೋಗ್ತಿದ್ದದ್ದು ಬರೆದವರ ಕಡೆಗೆ, ಹಾಡಿದವರಿಗೆ ಆ ರೇಡಿಯೋ ಪ್ಲೇಯಿಂದ ಒಂದು ಪೈಸೆನೂ ಇಲ್ಲ. ಇದನ್ನ ಹೇಳಿದ್ರೆ ಎಷ್ಟೋ ಜನ ನಂಬಲ್ಲ, ಹಾಡಿದವನಿಗೇ ದುಡ್ಡಿಲ್ಲ ಅಂದ್ರೆ ಏನರ್ಥ ಅಂತಾರೆ. ಅದನ್ನೇ ಬಿಡಿಸಿ ಹೇಳೋಣ ಅಂತ ಇದನ್ನ ಬರೀತಿದೀನಿ, ಯಾಕಂದ್ರೆ ಒಂದು ಆಲ್ಬಂ 'ಹಿಟ್ ಆಯ್ತು' ಅನ್ನೋದರ ಒಳಗೆ ಎರಡು ಬೇರೆ ಬೇರೆ ಲೆಕ್ಕ ಇರುತ್ತೆ, ಆ ಎರಡೂ ಕಣ್ಣಿಗೆ ಕಾಣೋ ಹಾಗೆ ಇರೋದು ಟ್ರೇಸಿ ಅವರ ಮೊದಲ ಆಲ್ಬಮ್ಮಲ್ಲಿ.

ಮೊದಲು ಆಕೆ ಯಾರು ಅಂತ ನೋಡೋಣ. ಹುಟ್ಟಿದ್ದು 1964ರಲ್ಲಿ, ಒಹಾಯೋದ ಕ್ಲೀವ್‌ಲೆಂಡ್‌ನಲ್ಲಿ. ಬೆಳೆಸಿದ್ದು ತಾಯಿ ಒಬ್ಬರೇ, ಮನೇಲಿ ದುಡ್ಡಿಗೆ ತುಂಬಾ ಕಷ್ಟ, ಆದ್ರೂ ಮೂರು ವರ್ಷದ ಮಗಳಿಗೆ ಆ ತಾಯಿ ಒಂದು ಉಕುಲೇಲೆ ಕೊಡ್ಸಿದ್ರು. ಎಂಟನೇ ವಯಸ್ಸಿಗೆ ಗಿಟಾರು, ಅಲ್ಲಿಂದಲೇ ಸ್ವಂತ ಹಾಡು ಬರೆಯೋಕೆ ಶುರು. ಬಡ ಕುಟುಂಬದ ಜಾಣ ಮಕ್ಕಳನ್ನ ಒಳ್ಳೇ ಶಾಲೆಗೆ ಸೇರಿಸೋ ಒಂದು ಯೋಜನೆ ಅಲ್ಲಿದೆ, ಅದರ ಸ್ಕಾಲರ್‌ಶಿಪ್ಪಲ್ಲಿ ಕನೆಕ್ಟಿಕಟ್‌ನ ಬೋರ್ಡಿಂಗ್ ಶಾಲೆ, ಆಮೇಲೆ ಬಾಸ್ಟನ್ ಹತ್ತಿರದ ಟಫ್ಟ್ಸ್ ಯೂನಿವರ್ಸಿಟಿಯಲ್ಲಿ ಮಾನವಶಾಸ್ತ್ರ. ಓದ್ತಾ ಇರುವಾಗಲೇ ಹಾರ್ವರ್ಡ್ ಸ್ಕ್ವೇರಲ್ಲಿ, ಸಬ್‌ವೇ ಸ್ಟೇಷನ್‌ಗಳಲ್ಲಿ ಗಿಟಾರ್ ಹಿಡ್ಕೊಂಡು ನಿಂತು ಹಾಡ್ತಿದ್ರು. ಹೋಗೋ ಬರೋರು ನಿಂತು ಕೇಳ್ಬೇಕು ಅಂದ್ರೆ ದನಿಯಲ್ಲೇ ಏನೋ ಇರ್ಬೇಕಲ್ವಾ, ಆ ತರಬೇತಿ ಆಲ್ಬಂ ಪೂರ್ತಿ ಕೇಳಿಸುತ್ತೆ.

ಅದೇ ಟಫ್ಟ್ಸಲ್ಲಿ ಬ್ರಯನ್ ಕೊಪ್ಪೆಲ್‌ಮನ್ ಅನ್ನೋ ಹುಡುಗ ಓದ್ತಿದ್ದ. ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ವಿರುದ್ಧ ಪ್ರತಿಭಟನೆ ಸಂಘಟಿಸ್ತಿದ್ದಾಗ ಯಾರೋ ಈ ಹುಡುಗಿ ಹಾಡ್ತಾಳೆ ಕರ್ಸಿ ಅಂದ್ರಂತೆ, ಹೋಗಿ ಕೇಳಿ ದಂಗಾಗಿಬಿಟ್ಟ. ಅವನ ಅಪ್ಪ ಚಾರ್ಲ್ಸ್ ಕೊಪ್ಪೆಲ್‌ಮನ್ ಎಸ್‌ಬಿಕೆ ಅನ್ನೋ ಮ್ಯೂಸಿಕ್ ಪಬ್ಲಿಷಿಂಗ್ ಕಂಪನಿಯ, ಅಂದ್ರೆ ಬರೆದ ಹಾಡುಗಳ ಹಕ್ಕಿನ ವ್ಯವಹಾರ ನೋಡ್ಕೊಳೋ ಕಂಪನಿಯ, ಪಾಲುದಾರ. ಟ್ರೇಸಿಗೆ ಈ ಕಂಪನಿ ಗಿಂಪನಿ ಬಗ್ಗೆ ಅಷ್ಟೇನೂ ಆಸಕ್ತಿ ಇರ್ಲಿಲ್ಲ. ಕೊನೆಗೆ ಕಾಲೇಜು ರೇಡಿಯೋ ಸ್ಟೇಷನ್ನಲ್ಲಿ ಆಕೆ ರೆಕಾರ್ಡ್ ಮಾಡಿಟ್ಟಿದ್ದ ಡೆಮೋ ಟೇಪನ್ನ ಬ್ರಯನ್ ಅಲ್ಲಿದ್ದವರಿಗೆ ಗೊತ್ತಾಗದ ಹಾಗೆ ಎತ್ಕೊಂಡು ಬಂದು ಅಪ್ಪನಿಗೆ ಕೇಳಿಸಿದ, ಇದನ್ನ ಅವನೇ ಆಮೇಲೆ ಹೇಳ್ಕೊಂಡಿದಾನೆ. ಇಲ್ಲಿ ಒಂದು ವಿಷಯ ಗಮನಿಸಿ, ಟ್ರೇಸಿಯನ್ನ ಮೊದಲು ಗುರುತಿಸಿದ್ದು ರೆಕಾರ್ಡ್ ಕಂಪನಿ ಅಲ್ಲ, ಪಬ್ಲಿಷಿಂಗ್ ಕಂಪನಿ. ಅಂದ್ರೆ ಮೊದಲು ಬೆಲೆ ಸಿಕ್ಕಿದ್ದು ಬರೆದ ಹಾಡಿಗೆ. ಎಲೆಕ್ಟ್ರಾ ರೆಕಾರ್ಡ್ಸ್ ಬಂದಿದ್ದು ಆಮೇಲೆ.

ಈಗ ಆ ಎರಡು ಲೆಕ್ಕ ಏನು ಅಂತ ಹೇಳಿಬಿಡ್ತೀನಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಒಂದು ಹಾಡು ಅಂದ್ರೆ ಕಾನೂನಿನ ಪ್ರಕಾರ ಎರಡು ಆಸ್ತಿ. ಒಂದು, ಬರೆದ ಸಾಹಿತ್ಯ ಮತ್ತು ಕಟ್ಟಿದ ರಾಗ, ಇದಕ್ಕೆ ಕಂಪೋಸಿಷನ್ ಅಂತಾರೆ. ಇನ್ನೊಂದು, ಅದನ್ನ ಸ್ಟುಡಿಯೋದಲ್ಲಿ ಒಂದು ದಿನ ಒಬ್ಬರು ಹಾಡಿ ಹಿಡಿದಿಟ್ಟ ರೆಕಾರ್ಡಿಂಗು, ಇದಕ್ಕೆ ಮಾಸ್ಟರ್ ಅಂತಾರೆ. ಸುಲಭಕ್ಕೆ ನಾನು 'ಹಾಳೆ' ಮತ್ತು 'ಟೇಪು' ಅಂತ ಕರೀತೀನಿ. ಟೇಪು ಸಾಮಾನ್ಯವಾಗಿ ರೆಕಾರ್ಡ್ ಕಂಪನಿ ಹಿಡಿತದಲ್ಲಿರುತ್ತೆ, ಯಾಕಂದ್ರೆ ಖರ್ಚು ಹಾಕಿದ್ದು ಅವ್ರು. ಹಾಳೆ ಬರೆದವರದ್ದು, ಅದನ್ನ ವ್ಯವಹಾರಕ್ಕೆ ನೋಡ್ಕೊಳೋಕೆ ಪಬ್ಲಿಷರ್ ಇರ್ತಾರೆ, ಅವರಿಗೂ ಪಾಲಿರುತ್ತೆ. ಬೇರೆಯವರು ಬರೆದಿದ್ದನ್ನ ಹಾಡೋ ಗಾಯಕರಿಗೆ ಟೇಪಿನ ಕಡೆಯಿಂದ ಮಾತ್ರ ಪಾಲು. ತಾವೇ ಬರೆದು ತಾವೇ ಹಾಡೋರಿಗೆ ಎರಡೂ ಕಡೆಯಿಂದ. ಟ್ರೇಸಿಯ ಮೊದಲ ಆಲ್ಬಮ್ಮಲ್ಲಿ 11 ಹಾಡು, ಹನ್ನೊಂದನ್ನೂ ಬರೆದಿದ್ದು ಅವರೊಬ್ಬರೇ. ಇವತ್ತಿನ ಪಾಪ್ ಹಾಡುಗಳ ಕ್ರೆಡಿಟ್ ತೆಗೆದು ನೋಡಿ, ಒಂದು ಹಾಡಿಗೆ ಐದಾರು ಜನ ಬರೆದವರು ಇರೋದು ಮಾಮೂಲಿ, ಅಲ್ಲಿ ಹಾಳೆಯ ದುಡ್ಡು ಅಷ್ಟೂ ಜನಕ್ಕೆ ಹಂಚಿ ಹೋಗುತ್ತೆ.

ಸರಿ, ಆಲ್ಬಂಗೆ ಬರೋಣ. 1988ರ ಪಾಪ್ ಅಂದ್ರೆ ಸಿಂಥಸೈಜರು, ಡ್ರಮ್ ಮಷೀನು, ಎಂಟಿವಿಗೆ ಅಂತಲೇ ಮಾಡಿದ ದುಬಾರಿ ವಿಡಿಯೋ. ಮೈಕಲ್ ಜಾಕ್ಸನ್, ಜಾರ್ಜ್ ಮೈಕಲ್, ಗನ್ಸ್ ಎನ್ ರೋಸಸ್ ಎಲ್ಲ ಓಡ್ತಿದ್ದ ಕಾಲ. ಅದರ ಮಧ್ಯೆ ಒಂದು ಅಕೌಸ್ಟಿಕ್ ಗಿಟಾರು, ಬಡತನ, ಪೊಲೀಸರು, ಹೆಂಡತಿಗೆ ಹೊಡೆಯೋ ಗಂಡ, ಇವನ್ನೆಲ್ಲ ಹಾಡೋ 24 ವರ್ಷದ ಕಪ್ಪು ಹುಡುಗಿ. ಎಷ್ಟೋ ಪ್ರೊಡ್ಯೂಸರ್‌ಗಳು (ಸ್ಟುಡಿಯೋದಲ್ಲಿ ರೆಕಾರ್ಡಿಂಗನ್ನ ರೂಪಿಸೋರು) ಬೇಡ ಅಂದ್ರು. ಒಪ್ಕೊಂಡಿದ್ದು ಡೇವಿಡ್ ಕರ್ಷನ್‌ಬಾಮ್, ಅವರಿಗೆ ಒಂದು ಅಕೌಸ್ಟಿಕ್ ರೆಕಾರ್ಡ್ ಮಾಡ್ಬೇಕು ಅಂತ ಮೊದಲಿಂದ ಮನಸ್ಸಿತ್ತು. ಹಾಲಿವುಡ್‌ನ ಅವರ ಸ್ಟುಡಿಯೋದಲ್ಲಿ ಸುಮಾರು ಎಂಟು ವಾರದಲ್ಲಿ ಕೆಲಸ ಮುಗೀತು. ಪೂರ್ತಿ ಬಾಗಿಲು ಮುಚ್ಚಿತ್ತು ಅಂತಲೂ ಅಲ್ಲ, ಹಿಂದಿನ ವರ್ಷ 1987ರಲ್ಲಿ ಸುಝಾನ್ ವೇಗಾ ಅವರ 'ಲೂಕಾ', ಹೊಡೆತ ತಿನ್ನೋ ಮಗುವಿನ ಬಗ್ಗೆ ಇರೋ ಹಾಡು, ಅಮೆರಿಕದಲ್ಲಿ ಮೂರನೇ ಸ್ಥಾನಕ್ಕೆ ಬಂದಿತ್ತು. ಹಾಗಾಗಿ ಇಂಥ ಹಾಡನ್ನೂ ಜನ ಕೇಳ್ತಾರೆ ಅನ್ನೋ ಸಣ್ಣ ಧೈರ್ಯ ರೇಡಿಯೋದವರಿಗೆ ಇತ್ತು.

ಪ್ರೊಡ್ಯೂಸರ್ ಮಾಡಿದ ಒಳ್ಳೇ ಕೆಲಸ ಅಂದ್ರೆ ಏನೂ ಜಾಸ್ತಿ ಮಾಡದೇ ಇದ್ದದ್ದು. 'ಫಾಸ್ಟ್ ಕಾರ್' ಹಾಕ್ಕೊಂಡು ಗಮನ ಇಟ್ಟು ಕೇಳಿ. ಒಂದೇ ಗಿಟಾರ್ ತುಣುಕು ಸುತ್ತಿ ಸುತ್ತಿ ಬರ್ತಾ ಇರುತ್ತೆ, ದನಿ ಮಾತಾಡಿದ ಹಾಗೆ ಕೆಳಗೇ ಇರುತ್ತೆ, ಕುಡುಕ ಅಪ್ಪ, ಬಿಟ್ಟು ಹೋದ ಅಮ್ಮ, ಅಪ್ಪನ್ನ ನೋಡ್ಕೊಳೋಕೆ ಶಾಲೆ ಬಿಟ್ಟ ಹುಡುಗಿ, ಇಷ್ಟೂ ಕಥೆ ಹೇಳಿ ಮುಗಿಸೋ ತನಕ ಡ್ರಮ್ಮು ದೊಡ್ಡದಾಗಿ ಬರೋದೇ ಇಲ್ಲ. ಕಾರಲ್ಲಿ ಜೋರಾಗಿ ಹೋಗ್ತಿದ್ದ ಆ ರಾತ್ರಿಯ ನೆನಪು ಬರೋ ಕೋರಸ್ಸಿಗೆ ಡ್ರಮ್ಮು ಬೀಳುತ್ತೆ, ಆಗ ನಿಜವಾಗ್ಲೂ ಗಾಡಿ ಟಾಪ್ ಗೇರಿಗೆ ಬಿದ್ದ ಹಾಗೆ ಅನ್ಸುತ್ತೆ. ಆಮೇಲೆ ಮತ್ತೆ ಅದೇ ಗಿಟಾರು, ಅದೇ ಸುತ್ತು. ಹುಡುಗಿ ಊರು ಬಿಟ್ಟಳು, ಅಂಗಡಿಯಲ್ಲಿ ಬಿಲ್ ಹಾಕೋ ಕೆಲಸಕ್ಕೆ ಸೇರಿದಳು, ಆದ್ರೆ ಜೊತೇಲಿ ಬಂದವನೂ ಈಗ ಅಪ್ಪನ ಥರವೇ ಬಾರಲ್ಲಿ ಕೂತಿರ್ತಾನೆ. ಗಿಟಾರು ಯಾಕೆ ಅಲ್ಲೇ ಸುತ್ತುತ್ತೆ ಅಂತ ಆಗ ಅರ್ಥ ಆಗುತ್ತೆ, ಅವಳ ಬದುಕೂ ಅಲ್ಲೇ ಸುತ್ತುತಿದೆ. ಇಷ್ಟು ಸರಳ ಸಾಮಾನಲ್ಲಿ ಇಷ್ಟು ಗಟ್ಟಿ ಕಟ್ಟಡ ಕಟ್ಟಿದ ಪಾಪ್ ಹಾಡು ನಾನು ಬಹಳ ಕೇಳಿಲ್ಲ.

ಆಲ್ಬಂ ಬಂತು, ವಿಮರ್ಶಕರು ಹೊಗಳಿದ್ರು, ಮಾರಾಟ ನಿಧಾನಕ್ಕೆ ಏರ್ತಾ ಇತ್ತು. ಆಮೇಲೆ 1988ರ ಜೂನ್ 11. ಲಂಡನ್ನಿನ ವೆಂಬ್ಲಿ ಸ್ಟೇಡಿಯಮ್ಮಲ್ಲಿ ನೆಲ್ಸನ್ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಸಂಗೀತ ಕಾರ್ಯಕ್ರಮ, ಮಂಡೇಲಾ ಆಗ ಇನ್ನೂ ಜೈಲಲ್ಲಿದ್ರು. ಟಿವಿಯಲ್ಲಿ 67 ದೇಶಕ್ಕೆ ಪ್ರಸಾರ, 60 ಕೋಟಿ ಜನ ನೋಡಿದ್ರು ಅನ್ನೋದು ಆಯೋಜಕರ ಲೆಕ್ಕ. ದೊಡ್ಡ ದೊಡ್ಡ ಹೆಸರುಗಳ ಮಧ್ಯೆ ಟ್ರೇಸಿಗೆ ಮಧ್ಯಾಹ್ನದ ಹೊತ್ತು ಒಂದು ಸಣ್ಣ ಜಾಗ ಕೊಟ್ಟಿದ್ರು, ಬಂದು ಹಾಡಿ ಹೋದ್ರು, ಅವರ ಕೆಲಸ ಮುಗೀತು. ಸಂಜೆ ಸ್ಟೀವಿ ವಂಡರ್ ಸರದಿ. ವೇದಿಕೆ ಹತ್ತೋ ಹೊತ್ತಿಗೆ ನೋಡಿದ್ರೆ ಅವರ ಸಿಂಕ್ಲೇವಿಯರ್ ಕೀಬೋರ್ಡಿನ ಹಾರ್ಡ್ ಡಿಸ್ಕ್ ಇಲ್ಲ. ಅವರ ಸಂಗೀತದ ಪ್ರೋಗ್ರಾಮಿಂಗ್ ಎಲ್ಲ ಅದರಲ್ಲೇ ಇತ್ತು, ಅದಿಲ್ದೆ ಹಾಡೋಕೆ ಆಗಲ್ಲ ಅಂತ ಕಣ್ಣೀರು ಹಾಕ್ಕೊಂಡು ವಾಪಸ್ ನಡೆದುಬಿಟ್ರು (ಅದೇ ರಾತ್ರಿ ಆಮೇಲೆ ಬಂದು ಹಾಡಿದ್ರು, ಅದು ಬೇರೆ ಮಾತು). ಈಗ ನೇರ ಪ್ರಸಾರದ ಮಧ್ಯೆ ವೇದಿಕೆ ಖಾಲಿ. ಬ್ಯಾಂಡು ಕಟ್ಟಿ, ವಾದ್ಯ ಜೋಡಿಸಿ, ಸೌಂಡ್ ನೋಡೋ ಅಷ್ಟು ಹೊತ್ತಿಲ್ಲ. ಒಂದು ಮೈಕು ಒಂದು ಗಿಟಾರು ಇದ್ರೆ ಸಾಕು ಅನ್ನೋ ಕಲಾವಿದೆ ಅಲ್ಲಿ ಇದ್ದದ್ದು ಒಬ್ಬರೇ. ಟ್ರೇಸಿಯನ್ನ ಮತ್ತೆ ಕರೆದ್ರು.

ಆ ವಿಡಿಯೋ ಇವತ್ತೂ ಸಿಗುತ್ತೆ, ನೋಡದೇ ಇದ್ರೆ ನೋಡಿ. ಕಪ್ಪು ಬಟ್ಟೆ ಹಾಕ್ಕೊಂಡು, ಮುಖದಲ್ಲಿ ಸ್ವಲ್ಪ ಸಂಕೋಚ, ಒಂದು ಮಾತಿಲ್ಲ, ಸೀದಾ 'ಫಾಸ್ಟ್ ಕಾರ್' ಶುರು ಮಾಡ್ತಾರೆ. ಎಪ್ಪತ್ತು ಸಾವಿರ ಜನ ಬೆಳಗಿಂದ ಬ್ಯಾಂಡುಗಳ ಅಬ್ಬರ ಕೇಳಿ ಗದ್ದಲದಲ್ಲಿದ್ದೋರು ನಿಧಾನಕ್ಕೆ ಸುಮ್ಮನಾಗ್ತಾ ಹೋಗ್ತಾರೆ. ಇದನ್ನ ಅದೃಷ್ಟ ಅಂತ ಬರೆಯೋರು ಬಹಳ ಇದಾರೆ, ಡಿಸ್ಕ್ ಕಾಣದೇ ಹೋಗಿದ್ದು ಅದೃಷ್ಟವೇ ಸರಿ, ಆದ್ರೆ ಯಾವ ಸಿದ್ಧತೆನೂ ಇಲ್ದೆ ಸ್ಟೇಡಿಯಮ್ಮನ್ನ ಒಬ್ಬರೇ ಹಿಡಿದಿಟ್ಕೊಳೋದು ಸಬ್‌ವೇ ಸ್ಟೇಷನ್ನಲ್ಲಿ ಹಾಡಿ ಹಾಡಿ ಕಲ್ತ ಕಸುಬು, ಅದರಲ್ಲಿ ಅದೃಷ್ಟದ ಪಾಲೇನೂ ಇಲ್ಲ.

ಮಾರನೇ ದಿನದಿಂದ ಅಂಗಡಿಗಳಲ್ಲಿ ಆ ಹುಡುಗಿ ರೆಕಾರ್ಡ್ ಇದೆಯಾ ಅಂತ ಕೇಳೋಕೆ ಶುರು ಆಯ್ತು. ಜುಲೈನಲ್ಲಿ ಬ್ರಿಟನ್ನಿನ ಆಲ್ಬಂ ಚಾರ್ಟಲ್ಲಿ ನಂಬರ್ ಒನ್, ಹಾಡು ಐದನೇ ಸ್ಥಾನಕ್ಕೆ. ಆಗಸ್ಟ್ ಕೊನೆಗೆ ಅಮೆರಿಕದ ಬಿಲ್ಬೋರ್ಡ್ ಪತ್ರಿಕೆಯ ಆಲ್ಬಂ ಚಾರ್ಟಲ್ಲೂ ಮೊದಲ ಸ್ಥಾನ, ಹಾಡು ಅಲ್ಲಿ ಆರನೇದು. ಈ ಚಾರ್ಟ್ ಅಂದ್ರೆ ಏನು ಅಂತನೂ ತಿಳ್ಕೊಳೋದು ಒಳ್ಳೇದು. ಆಗ ಇವತ್ತಿನ ಹಾಗೆ ಬಾರ್‌ಕೋಡ್ ಲೆಕ್ಕ ಇರ್ಲಿಲ್ಲ, ಅದು ಬಿಲ್ಬೋರ್ಡಿಗೆ ಬಂದಿದ್ದು 1991ರಲ್ಲಿ, ಅದಕ್ಕೆ ಮುಂಚೆ ರೆಕಾರ್ಡ್ ಅಂಗಡಿಯವರನ್ನ ಈ ವಾರ ಯಾವುದು ಚೆನ್ನಾಗಿ ಹೋಗ್ತಿದೆ ಅಂತ ಕೇಳಿ ಪಟ್ಟಿ ಮಾಡ್ತಿದ್ರು. ಪ್ಲಾಟಿನಂ ಅನ್ನೋ ಪದಕವಂತೂ ಬೇರೆನೇ ಲೆಕ್ಕ, ಅಮೆರಿಕದಲ್ಲಿ ಆಗ ಕಂಪನಿಯಿಂದ ಅಂಗಡಿಗಳಿಗೆ ಹೋದ ಪ್ರತಿಗಳನ್ನ ಎಣಿಸಿ 10 ಲಕ್ಷಕ್ಕೆ ಒಂದು ಪ್ಲಾಟಿನಂ. ಈ ಆಲ್ಬಂ ಅಲ್ಲಿ ಆರು ಪ್ಲಾಟಿನಂ, ಅಂದ್ರೆ 60 ಲಕ್ಷ. ಪ್ರಪಂಚ ಪೂರ್ತಿ ಸೇರಿಸಿದ್ರೆ 2 ಕೋಟಿ ದಾಟಿದೆ ಅಂತ ಹೇಳ್ತಾರೆ. 1989ರ ಗ್ರ್ಯಾಮಿಯಲ್ಲಿ ಮೂರು ಪ್ರಶಸ್ತಿ, ಹೊಸ ಕಲಾವಿದೆ, ಮಹಿಳಾ ಪಾಪ್ ಗಾಯನ, ಸಮಕಾಲೀನ ಫೋಕ್ ಆಲ್ಬಂ. ವರ್ಷದ ಆಲ್ಬಂ ಪ್ರಶಸ್ತಿ ಜಾರ್ಜ್ ಮೈಕಲ್ ಪಾಲಾಯ್ತು.

ಆಲ್ಬಂ ಬಂದ ವರ್ಷವೇ ಆಕೆ ಇಂಡಿಯಾಗೂ ಬಂದಿದ್ರು, ಇದು ನಮ್ಮಲ್ಲಿ ಅಷ್ಟಾಗಿ ಯಾರೂ ನೆನಪಿಸ್ಕೊಳಲ್ಲ. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ನಡೆಸಿದ ಮಾನವ ಹಕ್ಕುಗಳ ಪ್ರವಾಸ, ಬ್ರೂಸ್ ಸ್ಪ್ರಿಂಗ್‌ಸ್ಟೀನ್, ಸ್ಟಿಂಗ್, ಪೀಟರ್ ಗೇಬ್ರಿಯಲ್, ಸೆನೆಗಲ್‌ನ ಯೂಸು ಎನ್‌ಡೂರ್ ಜೊತೆ ಟ್ರೇಸಿ, 1988ರ ಸೆಪ್ಟೆಂಬರ್ 30ಕ್ಕೆ ದಿಲ್ಲಿಯ ಜವಾಹರಲಾಲ್ ನೆಹರು ಸ್ಟೇಡಿಯಮ್ಮಲ್ಲಿ. ಮೊದಲ ಆಲ್ಬಂ ಬಂದು ಆರು ತಿಂಗಳೂ ಆಗಿರ್ಲಿಲ್ಲ.

ಈಗ ದುಡ್ಡಿನ ವಿಷಯ. ಟೇಪಿನ ಕಡೆ ಹೇಗೆ ಅಂದ್ರೆ, ಕಂಪನಿ ಮೊದಲು ಅಡ್ವಾನ್ಸ್ ಕೊಡುತ್ತೆ, ಸ್ಟುಡಿಯೋ ಖರ್ಚು ಹಾಕುತ್ತೆ, ವಿಡಿಯೋ ಮಾಡ್ಸುತ್ತೆ. ಕಲಾವಿದರಿಗೆ ಮಾರಿದ ಒಂದೊಂದು ಪ್ರತಿಗೂ ಇಷ್ಟು ಅಂತ ಶೇಕಡಾ ಇರುತ್ತೆ, ಆದ್ರೆ ಆ ಖರ್ಚೆಲ್ಲ ಕಲಾವಿದರ ಪಾಲಿನಿಂದಲೇ ಮುರ್ಕೊಂಡು ಮುಗಿಯೋ ತನಕ ಕೈಗೆ ಏನೂ ಬರಲ್ಲ. ಲಕ್ಷಗಟ್ಟಲೆ ಮಾರಿದ್ರೂ ಸಾಲದಲ್ಲೇ ಉಳಿದ ಗಾಯಕರು ಇದಾರೆ, ಕಾರಣ ಇದೇ. ಹಾಳೆಯ ಕಡೆ ಹಾಗಲ್ಲ. ಹಾಡಿನ ಪ್ರತಿ ಒತ್ತಿದಾಗೆಲ್ಲ ಬರೆದವರ ಕಡೆಗೆ ಇಷ್ಟು ಕೊಡಬೇಕು ಅಂತ ಅಮೆರಿಕದಲ್ಲಿ ಸರ್ಕಾರಿ ದರ ಇದೆ, ಅದನ್ನ ಮೆಕ್ಯಾನಿಕಲ್ ರಾಯಲ್ಟಿ ಅಂತಾರೆ, ಸ್ಟುಡಿಯೋ ಖರ್ಚಿಗೂ ಇದಕ್ಕೂ ಸಾಮಾನ್ಯವಾಗಿ ಸಂಬಂಧ ಇರಲ್ಲ, ಮೊದಲ ಪ್ರತಿಯಿಂದಲೇ ಲೆಕ್ಕ ಶುರು.

1988ರಲ್ಲಿ ಆ ದರ ಒಂದು ಹಾಡಿಗೆ 5.25 ಸೆಂಟು. ಹನ್ನೊಂದು ಹಾಡಿಗೆ 57.75 ಸೆಂಟು, ಅಂದ್ರೆ ಒಂದು ಕ್ಯಾಸೆಟ್ಟಿಗೆ ಅರ್ಧ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಕಮ್ಮಿ ಅನ್ಸುತ್ತೆ ಅಲ್ವಾ? ಅಮೆರಿಕದ 60 ಲಕ್ಷ ಪ್ರತಿಗೂ ಇದೇ ದರ ಅಂತ ಇಟ್ಕೊಂಡು ಗುಣಿಸಿ, 34 ಲಕ್ಷ 65 ಸಾವಿರ ಡಾಲರ್ ಆಗುತ್ತೆ. ಇದರಲ್ಲಿ ಕಂಪನಿಗಳು ಒಂದು ಚೌಕಾಸಿ ಮಾಡ್ತವೆ. ಹೊಸಬರ ಒಪ್ಪಂದದಲ್ಲಿ, ನೀವೇ ಬರೆದ ಹಾಡಾದ್ರೆ ಸರ್ಕಾರಿ ದರದ ಮುಕ್ಕಾಲು ಭಾಗ ಮಾತ್ರ ಕೊಡ್ತೀವಿ, ಅದೂ ಆಲ್ಬಂಗೆ ಹತ್ತೇ ಹಾಡಿಗೆ, ಅನ್ನೋ ಷರತ್ತು ಹಾಕೋದು ಆಗ ಮಾಮೂಲಿಯಾಗಿತ್ತು. ಅಂಥ ಷರತ್ತಿದ್ರೆ 57.75 ಸೆಂಟು ಇಳಿದು 39 ಚಿಲ್ಲರೆ ಸೆಂಟಾಗುತ್ತೆ, 34 ಲಕ್ಷ ಹೋಗಿ 23 ಲಕ್ಷದ ಚಿಲ್ಲರೆ. ಟ್ರೇಸಿಯ ಒಪ್ಪಂದದ ಲೆಕ್ಕ ಅಂತ ಇದನ್ನ ಹೇಳ್ತಿಲ್ಲ, ವ್ಯವಸ್ಥೆ ಹೇಗಿತ್ತು ಅಂತ ಗೊತ್ತಾಗ್ಲಿ ಅಂತ ಹಾಕಿದ್ದು, ಒಂದು ಸಾಲಿನ ಷರತ್ತು ಹತ್ತು ಲಕ್ಷ ಡಾಲರನ್ನ ಆ ಕಡೆಯಿಂದ ಈ ಕಡೆಗೆ ತಳ್ಳುತ್ತೆ. ಇದರ ಮೇಲೆ ಪಬ್ಲಿಷರ್ ಪಾಲು ಬೇರೆ. ಪಬ್ಲಿಷಿಂಗ್ ಎಷ್ಟು ಬೆಲೆಬಾಳೋ ವ್ಯವಹಾರ ಅಂದ್ರೆ, ಟ್ರೇಸಿಯನ್ನ ಗುರುತಿಸಿದ ಅದೇ ಎಸ್‌ಬಿಕೆಯನ್ನ 1989ರಲ್ಲಿ ಬ್ರಿಟನ್ನಿನ ಸಂಗೀತ ಕಂಪನಿ ಇಎಂಐ ಕೊಂಡ್ಕೊಂಡಿದ್ದು ಸುಮಾರು 30 ಕೋಟಿ ಡಾಲರಿಗೆ. ಅಲ್ಲಿ ಮಾರಾಟ ಆಗಿದ್ದರಲ್ಲಿ ಬಹುಪಾಲು ಹಾಡುಗಳ ಹಕ್ಕು, ಅಂದ್ರೆ ಹಾಳೆಗಳು.

ಮಾರಾಟ ಒಂದು ದಿನ ನಿಲ್ಲುತ್ತೆ, ಯಾವ ಆಲ್ಬಮ್ಮಾದ್ರೂ ಅಷ್ಟೇ. ಆಮೇಲೇನು ಅನ್ನೋದೇ ಹಾಳೆಯ ಮಹತ್ವ. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ಬಿಡುಗಡೆ ಆದ್ಮೇಲೆ ಅದನ್ನ ಯಾರು ಬೇಕಾದ್ರೂ ತಮ್ಮ ದನಿಯಲ್ಲಿ ಹಾಡಿ ರೆಕಾರ್ಡ್ ಬಿಡಬಹುದು, ಬರೆದವರ ಒಪ್ಪಿಗೆ ಬೇಕಿಲ್ಲ, ಸರ್ಕಾರಿ ದರ ಕಟ್ಟಿದ್ರೆ ಸಾಕು, ಹಾಡಿನ ಮೂಲ ಸ್ವರೂಪ ಕೆಡಿಸಬಾರದು ಅಷ್ಟೇ. ಹೀಗೆ ಹಾಡೋದಕ್ಕೆ ಕವರ್ ಅಂತಾರೆ, ಬ್ರಿಟನ್ನಲ್ಲೂ ಕವರ್ ಹಾಡುಗಳಿಗೆ ಬರೆದವರಿಗೆ ದುಡ್ಡು ಹೋಗೋ ವ್ಯವಸ್ಥೆ ಇದೆ. 1997ರಲ್ಲಿ ಬಾಯ್‌ಝೋನ್ ಇದೇ ಆಲ್ಬಮ್ಮಿನ 'ಬೇಬಿ ಕ್ಯಾನ್ ಐ ಹೋಲ್ಡ್ ಯೂ' ಹಾಡಿ ಬ್ರಿಟನ್ನಲ್ಲಿ ಎರಡನೇ ಸ್ಥಾನಕ್ಕೆ ಬಂದ್ರು. ಹಾಡಿದ್ದು ಹುಡುಗರ ಬ್ಯಾಂಡು, ಮಾರಿದ್ದು ಬೇರೆ ಕಂಪನಿ, ಹಾಳೆ ಮಾತ್ರ ಟ್ರೇಸಿಯದ್ದೇ. 2011ರಲ್ಲಿ ಬ್ರಿಟನ್ನಿನ ಟಿವಿ ಟ್ಯಾಲೆಂಟ್ ಶೋನಲ್ಲಿ ಒಬ್ಬರು 'ಫಾಸ್ಟ್ ಕಾರ್' ಹಾಡಿದ್ರು, ಜನ ಮೂಲ ಹಾಡನ್ನ ಹುಡುಕಿ ಡೌನ್‌ಲೋಡ್ ಮಾಡಿದ್ರು, ಅದು ಅಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು, ಅಂದ್ರೆ 1988ಕ್ಕಿಂತ ಒಂದು ಮೆಟ್ಟಿಲು ಮೇಲೆ! 2016ರಲ್ಲಿ ಜೋನಸ್ ಬ್ಲೂ ಅದೇ ಹಾಡಿನ ಡಾನ್ಸ್ ಆವೃತ್ತಿ ಮಾಡಿ ಎರಡನೇ ಸ್ಥಾನಕ್ಕೆ ತಗೊಂಡೋದ್ರು.

ಕವರ್ ಬೇರೆ, ಸ್ಯಾಂಪಲ್ ಬೇರೆ, ಇದನ್ನ ತುಂಬಾ ಜನ ಕಲಸಿಬಿಡ್ತಾರೆ. ಕವರ್ ಅಂದ್ರೆ ಹಾಡನ್ನ ಹಾಗೇ ಹಾಡೋದು. ಹಳೇ ಹಾಡಿನ ತುಂಡು ತಗೊಂಡು, ಅಥವಾ ಅದರ ಸಾಲು ರಾಗ ಎತ್ಕೊಂಡು, ಬೇರೆ ಹೊಸ ಹಾಡು ಕಟ್ಟೋದಾದ್ರೆ ಸರ್ಕಾರಿ ದರದ ಮಾತೇ ಇಲ್ಲ, ಬರೆದವರನ್ನ ಕೇಳಲೇಬೇಕು, ಅವರು ಬೇಡ ಅಂದ್ರೆ ಬೇಡ. ರ‍್ಯಾಪರ್ ನಿಕಿ ಮಿನಾಜ್ ಅವರ ಕಡೆಯವರು 'ಬೇಬಿ ಕ್ಯಾನ್ ಐ ಹೋಲ್ಡ್ ಯೂ' ಸಾಲು ರಾಗ ಬಳಸಿ 'ಸಾರಿ' ಅನ್ನೋ ಹಾಡು ಮಾಡಿ ಅನುಮತಿ ಕೇಳಿದಾಗ ಟ್ರೇಸಿ ಕೊಡಲಿಲ್ಲ. 2018ರಲ್ಲಿ ಆಲ್ಬಮ್ಮಿನಿಂದ ಆ ಹಾಡು ಕೈಬಿಟ್ರೂ ಒಂದು ರೇಡಿಯೋದಲ್ಲಿ ಅದು ಪ್ಲೇ ಆಯ್ತು, ಇಂಟರ್ನೆಟ್ಟಿಗೂ ಬಂತು, ಟ್ರೇಸಿ ಕೋರ್ಟಿಗೆ ಹೋದ್ರು. ಕೋರ್ಟು 2020ರಲ್ಲಿ ಹೇಳಿದ್ದು ಚೆನ್ನಾಗಿದೆ, ಸ್ಟುಡಿಯೋದಲ್ಲಿ ಪ್ರಯೋಗ ಮಾಡಿ ನೋಡಿ ಆಮೇಲೆ ಅನುಮತಿ ಕೇಳೋದು ತಪ್ಪಲ್ಲ, ಆ ಸ್ವಾತಂತ್ರ್ಯ ಕಲಾವಿದರಿಗೆ ಬೇಕು, ಅಂತ. ಹಂಚಿಕೆ ಆಗಿದ್ದರ ವಿಚಾರ ಮಾತ್ರ ಉಳ್ಕೊಳ್ತು, ಅದು 2021ರ ಜನವರಿಯಲ್ಲಿ ಟ್ರೇಸಿಗೆ 4 ಲಕ್ಷ 50 ಸಾವಿರ ಡಾಲರ್ ಕೊಡೋದರೊಂದಿಗೆ ಮುಗೀತು. ಅಷ್ಟು ದೊಡ್ಡ ಸ್ಟಾರ್ ಕೇಳಿದ್ರೂ ಬೇಡ ಅನ್ನೋ ಅಧಿಕಾರ ಆಕೆಗೆ ಎಲ್ಲಿಂದ ಬಂತು ಅಂದ್ರೆ, ಆ ಹಾಡನ್ನ ಬರೆದದ್ದರಿಂದ ಬಂತು.

ನಮ್ಮ ಕಡೆ ಸಿನಿಮಾ ಹಾಡುಗಳಲ್ಲಿ ಇದು ಬಹಳ ಕಾಲ ಉಲ್ಟಾ ಇತ್ತು. ಸಾಹಿತ್ಯ ಬರೆದವರು, ರಾಗ ಹಾಕಿದವರು ಒಂದು ಸಲ ಸಂಭಾವನೆ ತಗೊಂಡು ಸಹಿ ಹಾಕಿದ್ರೆ ಅಲ್ಲಿಗೆ ಮುಗೀತು, ಹಾಡು ಮನೆಮನೆಯಲ್ಲಿ ಕೇಳಿದ್ರೂ ಅವರಿಗೆ ಏನೂ ಬರ್ತಿರ್ಲಿಲ್ಲ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂದ್ಮೇಲೆ ಥಿಯೇಟರಲ್ಲಿ ಸಿನಿಮಾ ಜೊತೆ ತೋರಿಸೋದನ್ನ ಬಿಟ್ಟು ಬೇರೆ ಕಡೆ ಹಾಡು ಬಳಸಿದಾಗ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯಲ್ಲಿ ಸಮಪಾಲು ಇದೆ, ಆ ಪಾಲನ್ನ ಬಿಟ್ಟುಕೊಡ್ತೀನಿ ಅಂತ ಬರ್ಕೊಟ್ರೂ ಕಾನೂನು ಒಪ್ಪಲ್ಲ. ಹೊಸದಾಗಿ ಸ್ವಂತ ಹಾಡು ಬರೆದು ಯೂಟ್ಯೂಬಿಗೆ ಹಾಕ್ತಿರೋ ನಮ್ಮ ಹುಡುಗ ಹುಡುಗಿಯರು ಎಷ್ಟು ಜನ ಇದಾರೆ, ದಯವಿಟ್ಟು ಯಾವ ಕಂಪನಿ ಕಾಗದಕ್ಕೂ ಪಬ್ಲಿಷಿಂಗ್ ಅನ್ನೋ ಭಾಗ ಓದದೇ ಸಹಿ ಹಾಕಬೇಡಿ.

ಈಗ ಲ್ಯೂಕ್ ಕೋಂಬ್ಸ್ ವಿಷಯ ಸುಲಭವಾಗಿ ಅರ್ಥ ಆಗುತ್ತೆ. 2023ರ ಮಾರ್ಚಲ್ಲಿ ಅವರ ಆಲ್ಬಮ್ಮಲ್ಲಿ 'ಫಾಸ್ಟ್ ಕಾರ್' ಬಂತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಕೇಳಿ ಬೆಳೆದ ಹಾಡು ಅಂತ ಅವರೇ ಹೇಳ್ತಾರೆ. ಹಾಡಲ್ಲಿ ನಾಯಕಿ ತಾನು ಅಂಗಡಿಯಲ್ಲಿ ಬಿಲ್ ಹಾಕೋ ಹುಡುಗಿ ಅಂತ ಹೇಳ್ಕೊಳೋ ಜಾಗ ಇದೆ, ಗಂಡಸು ಹಾಡುವಾಗ ಅದನ್ನ ಬದಲಾಯಿಸೋದು ವಾಡಿಕೆ, ಲ್ಯೂಕ್ ಬದಲಾಯಿಸಲಿಲ್ಲ, ಆಕೆ ಬರೆದ ಹಾಗೇ ಹುಡುಗಿ ಅಂತಲೇ ಹಾಡಿದ್ರು. ನನಗೆ ಆ ಒಂದು ಕಾರಣಕ್ಕೇ ಅವರ ಮೇಲೆ ಗೌರವ. ಹಾಡು ಬಿಲ್ಬೋರ್ಡಿನ ಹಾಡುಗಳ ಪಟ್ಟಿಯಾದ ಹಾಟ್ 100 ಚಾರ್ಟಲ್ಲಿ ಎರಡನೇ ಸ್ಥಾನ, ಟ್ರೇಸಿಯದ್ದು ಆರನೇದಾಗಿತ್ತು ಅಂತ ಮೇಲೆ ಹೇಳಿದ್ನಲ್ಲ. ಕಂಟ್ರಿ ರೇಡಿಯೋದಲ್ಲಿ ಮೊದಲನೇದು, ಅಲ್ಲಿ ಒಬ್ಬರೇ ಬರೆದ ಹಾಡಿನ ಮೂಲಕ ಮೊದಲ ಸ್ಥಾನಕ್ಕೆ ಬಂದ ಮೊದಲ ಕಪ್ಪು ಮಹಿಳೆ ಟ್ರೇಸಿ. ಅದೇ ವರ್ಷ ನವೆಂಬರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಹಾಡು ಪ್ರಶಸ್ತಿ ಕೊಡ್ತು, ಆ ಪ್ರಶಸ್ತಿ ಬರೆದವರಿಗೆ ಹೋಗೋದು, ಕಪ್ಪು ಗೀತರಚನೆಕಾರರಿಗೆ ಅದು ಬಂದಿದ್ದು ಅದೇ ಮೊದಲು.

ಖುಷಿಯ ಜೊತೆಗೇ ಒಂದು ನೋವಿನ ಮಾತೂ ಆಗ ಎದ್ದಿತು, ಅದನ್ನ ಬಿಟ್ಟು ಹೋಗೋಕಾಗಲ್ಲ. ಕಪ್ಪು ಹೆಣ್ಣುಮಕ್ಕಳ ದನಿಯನ್ನ ಕಂಟ್ರಿ ರೇಡಿಯೋ ಹಾಕೋದೇ ಅಪರೂಪ. ಅದೇ ಸಾಲು ಅದೇ ರಾಗ, ಬಿಳಿ ಗಂಡಸಿನ ದನಿಯಲ್ಲಿ ಬಂದಾಗ ಅಲ್ಲಿ ನಂಬರ್ ಒನ್. ಇದು ಲ್ಯೂಕ್ ತಪ್ಪಲ್ಲ, ಆದ್ರೆ ಆ ರೇಡಿಯೋ ಬಾಗಿಲು ಯಾರಿಗೆ ತೆಗೆಯುತ್ತೆ ಯಾರಿಗೆ ಇಲ್ಲ ಅನ್ನೋದು ಇದಕ್ಕಿಂತ ಸ್ಪಷ್ಟವಾಗಿ ಕಾಣೋ ಉದಾಹರಣೆ ಸಿಗೋದು ಕಷ್ಟ. ದುಡ್ಡಿನ ಕಾನೂನು ಮಾತ್ರ ಇಲ್ಲಿ ಬರೆದವರ ಕಡೆ ನಿಂತಿತ್ತು, ಯಾಕಂದ್ರೆ ಅಮೆರಿಕದ ಎಫ್‌ಎಂ ರೇಡಿಯೋ ಹಾಳೆಗೆ ಮಾತ್ರ ದುಡ್ಡು ಕೊಡುತ್ತೆ, ಟೇಪಿಗೆ ಕೊಡಲ್ಲ. ರೇಡಿಯೋದಲ್ಲಿ ಬಂದ್ರೆ ರೆಕಾರ್ಡ್ ಮಾರಾಟ ಆಗುತ್ತಲ್ಲ, ಅದೇ ಹಾಡಿದವರಿಗೆ ಲಾಭ, ಅನ್ನೋದು ಹಳೇ ಕಾಲದ ವಾದ, ಬದಲಾಯಿಸೋಕೆ ಗಾಯಕರು ಎಷ್ಟೋ ವರ್ಷದಿಂದ ಹೋರಾಡ್ತಿದಾರೆ. ಸ್ಟ್ರೀಮಿಂಗಲ್ಲಿ ಎರಡೂ ಕಡೆಗೆ ಹೋಗುತ್ತೆ, ಆದ್ರೆ ಅಲ್ಲಿ ಟೇಪಿನ ಪಾಲೇ ದೊಡ್ಡದು.

2024ರ ಫೆಬ್ರವರಿ 4ರ ಗ್ರ್ಯಾಮಿ ವೇದಿಕೆಯಲ್ಲಿ ಟ್ರೇಸಿ ಬಂದು ಲ್ಯೂಕ್ ಜೊತೆ ಹಾಡಿದ್ರು. ವರ್ಷಗಳಿಂದ ಹೊರಗೆ ಕಾಣಿಸ್ಕೊಳ್ಳೋದೇ ಅಪರೂಪ ಆಗಿದ್ದವರು, ಗಿಟಾರ್ ಮೀಟಿ ನಕ್ಕಿದ್ದು ನೋಡಿ ಸಭೆಯಲ್ಲಿ ಕೂತಿದ್ದ ಸ್ಟಾರ್‌ಗಳೆಲ್ಲ ಎದ್ದು ನಿಂತು ಹಾಡೋಕೆ ಶುರು ಮಾಡಿದ್ರು, ಲ್ಯೂಕ್ ಅಂತೂ ಹಾಡೋದಕ್ಕಿಂತ ಆಕೆಯ ಮುಖ ನೋಡ್ತಿದ್ದದ್ದೇ ಜಾಸ್ತಿ. ಆ ರಾತ್ರಿಯೇ ಐಟ್ಯೂನ್ಸಲ್ಲಿ ಮೂಲ 'ಫಾಸ್ಟ್ ಕಾರ್' ಮೊದಲ ಸ್ಥಾನಕ್ಕೆ ಏರಿತು, ಅದರ ಹಿಂದೆ ಹಾಟ್ 100 ಚಾರ್ಟಿಗೂ ವಾಪಸ್ ಬಂತು. ಇಲ್ಲಿ ಹಾಳೆ ಟೇಪು ಎರಡೂ ಒಟ್ಟಿಗೆ ದುಡಿದವು.

2025ರ ಏಪ್ರಿಲಲ್ಲಿ ಆಲ್ಬಮ್ಮನ್ನ ಮತ್ತೆ ಎಲ್‌ಪಿ ರೂಪದಲ್ಲಿ ಬಿಟ್ರು, ಟ್ರೇಸಿ ಅವರೇ ಕೂತು ಅದರ ಕೆಲಸ ನೋಡ್ಕೊಂಡ್ರು. ತಾವು ಸ್ಟ್ರೀಮಿಂಗ್ ಬಳಸೋದಿಲ್ಲ, ಸಿಡಿನೋ ಎಲ್‌ಪಿನೋ ಕೊಂಡ್ರೆ ಕಲಾವಿದರಿಗೆ ದುಡ್ಡು ಹೋಗುತ್ತೆ, ಅದು ತಮಗೆ ಮುಖ್ಯ ಅಂತ ಆಗ ಸಂದರ್ಶನದಲ್ಲಿ ಹೇಳಿದ್ರು. ಇದುವರೆಗೂ ಕೇಳದೇ ಇರೋರು ಕೇಳೋದಾದ್ರೆ ಒಂದೊಂದೇ ಹಾಡು ಆರಿಸದೇ ಮೊದಲಿಂದ ಕೊನೆ ತನಕ ಕೇಳಿ, 36 ನಿಮಿಷ ಅಷ್ಟೇ. 'ಫಾಸ್ಟ್ ಕಾರ್' ಬರೋದು ಎರಡನೇದು, ಅದು ಮುಗಿದು ಇನ್ನೊಂದು ಹಾಡಾದ್ಮೇಲೆ 'ಬಿಹೈಂಡ್ ದ ವಾಲ್' ಬರುತ್ತೆ, ಪಕ್ಕದ ಮನೆಯಲ್ಲಿ ಹೆಂಗಸಿಗೆ ಹೊಡೀತಿರೋದನ್ನ ಗೋಡೆ ಆಚೆಯಿಂದ ಕೇಳಿಸ್ಕೊಳ್ಳೋ ಹಾಡು, ಪೊಲೀಸರಿಗೆ ಫೋನ್ ಮಾಡಿ ಪ್ರಯೋಜನ ಇಲ್ಲ ಅಂತ ಗೊತ್ತಿರೋರ ಹಾಡು. ಅದರಲ್ಲಿ ಗಿಟಾರೂ ಇಲ್ಲ, ಬರೀ ದನಿ. 60 ಲಕ್ಷ ಮಾರಿದ ಪಾಪ್ ಆಲ್ಬಮ್ಮಿನ ಮಧ್ಯೆ ಅಂಥ ಹಾಡು ಇಡೋಕೆ ಬಿಟ್ಟ ಪ್ರೊಡ್ಯೂಸರಿಗೂ ಕಂಪನಿಗೂ ಒಂದು ಶಹಬ್ಬಾಸ್ ಹೇಳಲೇಬೇಕು.